ಕಳ್ಳಬೇಟೆಯೂ ಆಫ್ರಿಕದ ಆನೆಯ ಸಂತತಿಯೂ

‘ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ’ ಎಂಬ ಗಾದೆ ಕನ್ನಡನಾಡಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಬದುಕಿರುವಾಗ ಆನೆಯ ದುಡಿಮೆಗೂ, ಸತ್ತ ಮೇಲೆ ಅದರ ದಂತಕ್ಕೂ ಬೆಲೆಯುಂಟೆಂಬುದು ಈ ಮಾತಿನ ಸರಳವಾದ ಅರ್ಥ. ಆಫ್ರಿಕ ಖಂಡದಲ್ಲಿ ಈ ಗಾದೆಯ ಉತ್ತರಾರ್ಧವು ಪೂರ್ವಾರ್ಧವನ್ನೇ ನುಂಗಿತೆಂದು ಹೇಳಬಹುದು. ಸತ್ತ ಆನೆಗೆ ಬೆಲೆ ಹೆಚ್ಚಿದಷ್ಟೂ ಬದುಕಿರುವ ಆನೆ ಉಳಿಯುವುದು ದುರ್ಲಭವಾಯಿತು.

ಕಳ್ಳಬೇಟೆಯಿಂದ ಪ್ರಾಣಿಗಳ ಸಂಖ್ಯೆ ಕುಗ್ಗುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಸಂಖ್ಯೆ ಕುಗ್ಗುವುದು ಅದರ ಪರಿಣಾಮಗಳಲ್ಲಿ ಒಂದು ಮಾತ್ರ. ಬೇಟೆಗಾರನು ಹಿಂಡಿನಲ್ಲಿ ಸಿಕ್ಕಿದ ಪ್ರಾಣಿಯನ್ನು ಕೊಲ್ಲುವುದಿಲ್ಲ, ಆರಿಸಿ ಕೊಲ್ಲುತ್ತಾನೆ. ಆ ಆಯ್ಕೆಯಿಂದ ಹಿಂಡಿನ ವಯೋಮಾನ, ಗಂಡು ಹೆಣ್ಣುಗಳ ಪ್ರಮಾಣ, ಮುಂದಿನ ಪೀಳಿಗೆಯ ದೇಹಲಕ್ಷಣ, ಕಡೆಗೆ ಕಾಡಿನ ಮರಗಳ ಬೆಳೆವಣಿಗೆ, ಇವೆಲ್ಲವೂ ಮಾರ್ಪಡುವುವು. ಈ ಮಾರ್ಪಾಡುಗಳ ಸ್ವರೂಪವನ್ನು ಮುಖ್ಯವಾಗಿ ಆನೆಯ ಉದಾಹರಣೆಯಿಂದ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಷಯವು ದೂರದ ಖಂಡವೊಂದಕ್ಕೆ ಸೇರಿದ್ದೆಂದು ಭಾವಿಸುವುದಕ್ಕೂ ಅವಕಾಶವಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಜಾಂಜಿಬಾರ್ ದ್ವೀಪದಿಂದ ಹೊರಟ ದಂತದ ಬಹುಭಾಗ ಬಂದು ಇಳಿಯುತ್ತಿದ್ದುದು ಮುಂಬಯಿಯ ಬಂದರಿನಲ್ಲಿ. ಅಲ್ಲಿಂದ ಒಂದು ಪಾಲು ಲಂಡನ್ನಿಗೆ ಹೋಗುತ್ತಿತ್ತು. ಉಳಿದುದು ಗುಜರಾತ, ರಾಜಸ್ಥಾನಗಳ ಮದುವಣಗಿತ್ತಿಯರ ಬಳೆಗಳಾಗುತ್ತಿತ್ತು. ಆಫ್ರಿಕದ ದಂತ ಗಾತ್ರದಲ್ಲಿ ದೊಡ್ಡದಾದುದರಿಂದ ಬಳೆ ಕೊರೆಯುವವರಿಗೆ ಅದೇ ಹೆಚ್ಚು ಅನುಕೂಲ. ಮೈಸೂರಿನ ಬೀಟೆಮರದ ಕೆತ್ತನೆಯಲ್ಲಿಯೂ ದಂತದ ಕೂರಣೆ ಪ್ರಸಿದ್ಧವಾಗಿತ್ತು. ೧೯೮೬ರಲ್ಲಿ ಭಾರತೀಯ ಆನೆಯ ದಂತದ ವ್ಯಾಪಾರವೂ, ೧೯೯೧ರಲ್ಲಿ ಆಫ್ರಿಕದ ದಂತದ ವ್ಯಾಪಾರವೂ ಈ ದೇಶದಲ್ಲಿ ನಿಷಿದ್ಧವಾದುವು. ಇಂದು ಮೈಸೂರಿನ ಕುಸುರಿಗಾರರು ಬಿಳಿಯ ಮರವನ್ನೂ ಪ್ಲಾಸ್ಟಿಕ್ಕನ್ನೂ ಬಳಸುವರು.

೧. ‘ಕಳ್ಳಬೇಟೆ’ ಎಂಬ ಮಾತು

ಬೇಟೆ ಯಾವಾಗ ಕಳ್ಳಬೇಟೆಯಾಯಿತೆಂಬುದನ್ನು ಮೊದಲು ವಿಚಾರಿಸಬೇಕು. ಆಫ್ರಿಕದ ಅನೇಕ ಜನಾಂಗಗಳಿಗೆ ಬೇಟೆ ಕುಲವೃತ್ತಿ. ೧೯೦೦ರಲ್ಲಿ ಐರೋಪ್ಯ ರಾಷ್ಟ್ರಗಳು ಲಂಡನ್ನಿನಲ್ಲಿ ಸೇರಿ ಆಫ್ರಿಕದ ಕಾಡುಪ್ರಾಣಿಗಳ ರಕ್ಷಣೆಗಾಗಿ ಒಂದು ಒಪ್ಪಂದಕ್ಕೆ ಸಹಿ ಹಾಕಿದುವು. ಸಾಕಷ್ಟು ಅನುಮೋದನೆ ದೊರೆಯದೆ ಒಪ್ಪಂದವು ಜಾರಿಗೆ ಬರದಿದ್ದರೂ ಅದರ ತತ್ತ್ವಗಳು ವಸಾಹತುಗಳ ಕಾನೂನಿನಲ್ಲಿ ಸೇರಿಕೊಂಡುವು. ಪರವಾನೆ ಪಡೆದು ಬಂದೂಕಿನಿಂದ ಕೊಲ್ಲುವ ಬಿಳಿಯನು ಬೇಟೆಗಾರನೆನಿಸಿದನು. ತನ್ನ ತಾತಮುತ್ತಾತಂದಿರ ಕಾಡಿನಲ್ಲಿ ಬಾಣದಿಂದ ಕೊಲ್ಲುವ ಕರಿಯನು ಕಳ್ಳನೆನಿಸಿದನು.

ಕೀನ್ಯಾ ದೇಶದ ತ್ಸಾವೊ ಪ್ರದೇಶದ ವಾಟಾ ಜನರು ಇದಕ್ಕೆ ಒಳ್ಳೆಯ ನಿದರ್ಶನ. ವಿಷ ಸವರಿದ ಬಾಣಗಳಿಂದ ಆನೆಯನ್ನು ಹೊಡೆಯುವುದರಲ್ಲಿ ಅವರು ನಿಪುಣರು. ೧೯೪೮ರಲ್ಲಿ ಅಲ್ಲಿ ರಾಷ್ಟ್ರೀಯ ಉದ್ಯಾನವು ಸ್ಥಾಪಿತವಾದಾಗ ಅವರ ಬದುಕಿನ ನೆಲೆ ಕೈತಪ್ಪಿತು. ೧೯೫೦ರ ದಶಕದಲ್ಲಿ ನಡೆದ ಕಾರ್ಯಾಚರಣೆಯಲ್ಲಿ ಅವರಲ್ಲಿ ಅನೇಕರು ಸೆರೆಮನೆ ಸೇರಿದರು. ಈ ಅನ್ಯಾಯದ ನೆನಪು ಇಂದಿಗೂ ಕಾಡಿನ ಅಂಚಿನ ಜನರಲ್ಲಿ ಉಳಿದಿರುವುದರಿಂದ ರಕ್ಷಣೆಯ ಕಾರ್ಯಕ್ಕೆ ಅವರ ಸಹಕಾರ ಸುಲಭವಾಗಿ ದೊರೆಯುವುದಿಲ್ಲ.

ಆದರೆ ಬಾಣದ ಬೇಟೆಗೂ ೧೯೭೦ರ ದಶಕದಲ್ಲಿ ಮೊದಲಾದ ಕಗ್ಗೊಲೆಗೂ ಅಜಗಜಾಂತರವಿದೆ. ದಂತದ ಬೆಲೆ ಹಲವು ಪಟ್ಟು ಏರಿತು. ಅಂತರ್ಯುದ್ಧಗಳ ಫಲವಾಗಿ ಸ್ವಯಂಚಾಲಿತ ಬಂದೂಕುಗಳು ಅಗ್ಗವಾಗಿ ದೊರೆಯತೊಡಗಿದುವು. ಬೇಟೆಯು ಹೊಟ್ಟೆಪಾಡಿನ ಮಟ್ಟವನ್ನು ಮೀರಿ ಖಂಡಾಂತರ ವ್ಯಾಪಾರವಾಯಿತು. ಈ ಸರಪಳಿಯಲ್ಲಿ ಗುಂಡು ಹಾರಿಸಿದವನಿಗೆ ದೊರೆಯುವುದು ಅತ್ಯಲ್ಪ. ಲಾಭದ ಸಿಂಹಪಾಲು ಬಂದರಿನಾಚೆಯ ದಲ್ಲಾಳಿಗಳಿಗೆ.

೨. ಸಂಖ್ಯೆಯ ಇತಿಹಾಸ

೧೯೭೯ರಲ್ಲಿ ಆಫ್ರಿಕದಲ್ಲಿ ಸುಮಾರು ೧೩ ಲಕ್ಷ ಆನೆಗಳಿದ್ದುವೆಂದು ಪ್ರಾಣಿಶಾಸ್ತ್ರಜ್ಞ ಇಯನ್ ಡಗ್ಲಸ್–ಹ್ಯಾಮಿಲ್ಟನ್ ಅಂದಾಜು ಮಾಡಿದರು. ಹತ್ತು ವರ್ಷಗಳ ತರುವಾಯ ಅದು ೬ ಲಕ್ಷದಷ್ಟಕ್ಕೆ ಇಳಿದಿತ್ತು. ೧೯೮೯ರ ಜುಲೈ ತಿಂಗಳಿನಲ್ಲಿ ಕೀನ್ಯಾದ ಅಧ್ಯಕ್ಷ ಡೇನಿಯಲ್ ಅರಪ್ ಮೊಯಿ ಅವರು ವಶಪಡಿಸಿಕೊಂಡಿದ್ದ ೧೨ ಟನ್ ದಂತಕ್ಕೆ ಬಹಿರಂಗವಾಗಿ ಬೆಂಕಿಯಿಟ್ಟು ಜಗತ್ತಿನ ಗಮನವನ್ನು ಸೆಳೆದರು. ಅದೇ ವರ್ಷ ಲೊಸಾನ್ ನಗರದಲ್ಲಿ ಸೇರಿದ ಅಂತಾರಾಷ್ಟ್ರೀಯ ಸಮ್ಮೇಳನವು ಆಫ್ರಿಕದ ದಂತದ ವ್ಯಾಪಾರವನ್ನು ನಿಷೇಧಿಸಲು ತೀರ್ಮಾನಿಸಿತು. ನಿಷೇಧವು ೧೯೯೦ರ ಜನವರಿಯಿಂದ ಜಾರಿಗೆ ಬಂದಿತು.

ಇದರಿಂದ ಆನೆಗಳಿಗೆ ಕೆಲಕಾಲ ಉಸಿರಾಡಲು ಅವಕಾಶ ದೊರೆಯಿತು. ಆದರೆ ೨೦೦೬ರ ಸುಮಾರಿನಿಂದ ಕಳ್ಳಬೇಟೆಯು ಮತ್ತೆ ಹೆಡೆಯೆತ್ತಿತು. ೨೦೧೦ರಿಂದ ೨೦೧೨ರವರೆಗಿನ ಮೂರು ವರ್ಷಗಳಲ್ಲಿಯೇ ಸುಮಾರು ಒಂದು ಲಕ್ಷ ಆನೆಗಳು ಬಲಿಯಾದುವೆಂದು ೨೦೧೪ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕಹಾಕಿತು. ತಾಂಜಾನಿಯದ ಸೆಲೂಸ್ ಅರಣ್ಯದಲ್ಲಿ ೧೯೭೬ರಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಆನೆಗಳಿದ್ದುವು. ೨೦೧೩ರಲ್ಲಿ ಉಳಿದುವು ಸುಮಾರು ೧೩ ಸಾವಿರ. ೨೦೧೪–೧೫ರಲ್ಲಿ ವಿಮಾನಗಳಿಂದ ನಡೆಸಿದ ಮಹಾಗಣತಿಯಲ್ಲಿ ೧೮ ದೇಶಗಳ ಹುಲ್ಲುಗಾಡುಗಳಲ್ಲಿ ೩,೫೨,೨೭೧ ಆನೆಗಳಿವೆಯೆಂದು ಗೊತ್ತಾಯಿತು. ಹಿಂದಿನ ಲೆಕ್ಕಗಳಿದ್ದ ಪ್ರದೇಶಗಳಲ್ಲಿ ಏಳು ವರ್ಷಗಳಲ್ಲಿ ಶೇಕಡ ೩೦ರಷ್ಟು ಇಳಿಕೆಯಾಗಿದ್ದಿತು. ಕಾಂಗೋ ಪ್ರದೇಶದ ದಟ್ಟ ಕಾಡುಗಳ ಆನೆ ಹುಲ್ಲುಗಾಡಿನ ಆನೆಗಿಂತ ಬೇರೆಯಾದ ಜಾತಿ. ಅದರ ಸಂಖ್ಯೆ ೨೦೦೨ ಮತ್ತು ೨೦೧೧ರ ನಡುವೆ ಶೇಕಡ ೬೨ರಷ್ಟು ಕುಗ್ಗಿತು. ೨೦೨೧ರಲ್ಲಿ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಕಾಡಾನೆಯನ್ನು ಅತ್ಯಂತ ಅಪಾಯಕ್ಕೆ ಸಿಲುಕಿದ ವರ್ಗಕ್ಕೂ, ಹುಲ್ಲುಗಾಡಿನ ಆನೆಯನ್ನು ಅಪಾಯಕ್ಕೆ ಸಿಲುಕಿದ ವರ್ಗಕ್ಕೂ ಸೇರಿಸಿತು.

ಈ ನಷ್ಟವು ಬೇಗನೆ ತುಂಬಿಬರುವಂಥದಲ್ಲ. ಆನೆಯ ಗರ್ಭಧಾರಣೆಯ ಅವಧಿ ೨೨ ತಿಂಗಳು; ಎರಡು ಹೆರಿಗೆಗಳ ನಡುವಣ ಅಂತರ ನಾಲ್ಕೈದು ವರ್ಷ. ಕಾಂಗೋ ಕಾಡಿನ ಹೆಣ್ಣಾನೆಯಂತೂ ಮೊದಲ ಮರಿ ಹಾಕುವ ವೇಳೆಗೆ ಸಾಮಾನ್ಯವಾಗಿ ಇಪ್ಪತ್ತು ವರ್ಷ ದಾಟಿರುತ್ತದೆ. ಆದುದರಿಂದ ವರ್ಷಕ್ಕೆ ನೂರಕ್ಕೆ ಏಳೆಂಟು ಆನೆಗಳನ್ನು ಕೊಲ್ಲುತ್ತ ಹೋದರೆ ಅತ್ಯುತ್ತಮವಾದ ಕಾಡಿನಲ್ಲಿಯೂ ಹುಟ್ಟು ಸಾವನ್ನು ಸರಿದೂಗಿಸಲಾರದು.

ಆದರೆ ಎಲ್ಲೆಡೆಯೂ ಒಂದೇ ಸ್ಥಿತಿಯಿಲ್ಲವೆಂಬುದನ್ನೂ ಹೇಳಬೇಕು. ಬೋಟ್ಸ್ವಾನಾ, ಜಿಂಬಾಬ್ವೆ, ನಮೀಬಿಯ, ಜಾಂಬಿಯ, ಅಂಗೋಲಗಳು ಕೂಡುವ ವಿಶಾಲ ಪ್ರದೇಶದಲ್ಲಿ ೨೦೨೨ರ ಗಣತಿಯಂತೆ ಎರಡು ಲಕ್ಷಕ್ಕೂ ಹೆಚ್ಚು ಆನೆಗಳಿದ್ದುವು. ಅಲ್ಲಿನ ರೈತರು ಬೆಳೆಗಾಗಿ ಆನೆಯೊಡನೆ ಹೋರಾಡಬೇಕಾಗಿರುವುದೂ ಸತ್ಯವೇ.

೩. ಹಿರಿಯರಿಲ್ಲದ ಹಿಂಡು

ಆನೆಯ ದಂತವು ಜೀವಮಾನವಿಡೀ ಬೆಳೆಯುತ್ತದೆ. ಆದ್ದರಿಂದ ಬೇಟೆಗಾರನು ಮೊದಲು ಗುರಿಯಿಡುವುದು ವಯಸ್ಸಾದ ಸಲಗಗಳಿಗೆ. ಅವು ಮುಗಿದ ಮೇಲೆ ಹಿಂಡನ್ನು ನಡೆಸುವ ಹಿರಿಯ ಹೆಣ್ಣಾನೆಗಳಿಗೆ. ಆನೆಯ ಹಿಂಡು ಒಂದು ಅವಿಭಕ್ತ ಕುಟುಂಬದಂತೆ. ಅಜ್ಜಿ, ತಾಯಿ, ಚಿಕ್ಕಮ್ಮ, ಮಕ್ಕಳು ಒಟ್ಟಿಗೆ ಬಾಳುವರು. ಬರಗಾಲದಲ್ಲಿ ನೀರೆಲ್ಲಿ, ಯಾವ ದಾರಿ ಕ್ಷೇಮ, ಕೇಳಿಬಂದ ಕೂಗು ಬಂಧುವಿನದೊ ಅಪರಿಚಿತನದೊ ಎಂಬುದನ್ನು ಬಲ್ಲವಳು ಹಿರಿಯಳು. ಕೀನ್ಯಾದ ಅಂಬೊಸೆಲಿಯಲ್ಲಿ ನಡೆದ ಪ್ರಯೋಗಗಳಲ್ಲಿ, ಹೆಚ್ಚು ವಯಸ್ಸಾದ ಯಜಮಾನಿಯಿರುವ ಕುಟುಂಬಗಳು ಪರಿಚಿತ ಧ್ವನಿಯನ್ನು ಹೆಚ್ಚು ಸರಿಯಾಗಿ ಗುರುತಿಸುವುವೆಂದೂ, ಅಂಥ ಕುಟುಂಬಗಳಲ್ಲಿ ಮರಿಗಳ ಸಂಖ್ಯೆಯೂ ಹೆಚ್ಚೆಂದೂ ೨೦೦೧ರಲ್ಲಿ ಪ್ರಕಟವಾಯಿತು.

೧೯೯೩ರಲ್ಲಿ ತಾಂಜಾನಿಯದ ತರಂಗಿರೆ ಉದ್ಯಾನದಲ್ಲಿ ಭೀಕರವಾದ ಬರಗಾಲ ಬಂದಿತು. ಸಾಮಾನ್ಯ ವರ್ಷಗಳಲ್ಲಿ ನೂರಕ್ಕೆ ಎರಡರಷ್ಟು ಸಾಯುತ್ತಿದ್ದ ಮರಿಗಳು ಆ ವರ್ಷ ಒಂಬತ್ತು ತಿಂಗಳೊಳಗೆ ನೂರಕ್ಕೆ ಇಪ್ಪತ್ತರಂತೆ ಸತ್ತುವು. ಉದ್ಯಾನವನ್ನು ತೊರೆದು ನೀರು ಮೇವು ಅರಸಿಹೋದ ಹಿಂಡುಗಳ ಮರಿಗಳು ಹೆಚ್ಚು ಉಳಿದುವು; ಅಲ್ಲಿಯೇ ನಿಂತ ಹಿಂಡಿನವು ಹೆಚ್ಚು ಸತ್ತುವು. ಹೊರಟುಹೋದ ಹಿಂಡುಗಳಲ್ಲಿ ೧೯೫೮ರಿಂದ ೧೯೬೧ರವರೆಗಿನ ಹಿಂದಿನ ಬರಗಾಲವನ್ನು ಕಂಡಿರಬಹುದಾದಷ್ಟು ವಯಸ್ಸಿನ ಆನೆಗಳಿದ್ದುವು. ನಿಂತ ಹಿಂಡಿನ ಹಿರಿಯರಲ್ಲಿ ಬಹುಪಾಲು ಹಿಂದಿನ ದಶಕಗಳ ಕಳ್ಳಬೇಟೆಗೆ ಆಹುತಿಯಾಗಿದ್ದುವು. ಎಂದಮೇಲೆ, ಎಷ್ಟೋ ವರ್ಷಗಳ ಹಿಂದೆ ಹಾರಿಸಿದ ಗುಂಡು ೧೯೯೩ರಲ್ಲಿ ಹುಟ್ಟಿದ ಮರಿಯನ್ನು ಕೊಂದಿತೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಭಯವೂ ಸಂತಾನಕ್ಕೆ ಶತ್ರು. ಚಾಡ್ ದೇಶದ ಜಕೂಮಾ ಉದ್ಯಾನದಲ್ಲಿ ೨೦೦೨ರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚಿದ್ದ ಆನೆಗಳು, ಕುದುರೆಯೇರಿ ಬಂದ ದಂತಚೋರರ ದಾಳಿಗಳಿಂದಾಗಿ ೨೦೧೦ರ ವೇಳೆಗೆ ಸುಮಾರು ೪೫೦ಕ್ಕೆ ಇಳಿದುವು. ಉಳಿದುವು ಒಂದೇ ಹಿಂಡಾಗಿ ಒತ್ತೊತ್ತಾಗಿ ಸೇರಿಕೊಂಡು ಮರಿ ಹಾಕುವುದನ್ನೇ ಬಹುಮಟ್ಟಿಗೆ ನಿಲ್ಲಿಸಿದುವು. ಕಾವಲು ಬಲವಾದ ಕೆಲವು ವರ್ಷಗಳ ಮೇಲೆ ಮತ್ತೆ ಮರಿಗಳು ಕಾಣಿಸಿಕೊಂಡುವು. ೨೦೧೮ರ ವೇಳೆಗೆ ಆನೆಗಳ ಸಂಖ್ಯೆ ೫೫೦ನ್ನು ದಾಟಿತು.

ಹಿರಿಯ ಸಲಗಗಳ ಅಭಾವದಿಂದ ಏನಾಗಬಹುದೆಂಬುದಕ್ಕೆ ದಕ್ಷಿಣ ಆಫ್ರಿಕದ ಪಿಲಾನೆಸ್‌ಬರ್ಗ್ ಉದ್ಯಾನದ ಪ್ರಸಂಗ ಸಾಕ್ಷಿ. ಅಲ್ಲಿನ ಎಳೆಯ ಗಂಡಾನೆಗಳು ಕಳ್ಳಬೇಟೆಯಿಂದಲ್ಲ, ಸರಕಾರವೇ ಸಂಖ್ಯೆ ತಗ್ಗಿಸಲು ನಡೆಸಿದ ವಧೆಯಿಂದ ತಬ್ಬಲಿಗಳಾಗಿದ್ದುವು. ಆದರೂ ಪಾಠ ಒಂದೇ. ೧೯೯೨ ಮತ್ತು ೧೯೯೭ರ ನಡುವೆ ಅವು ಅಕಾಲದಲ್ಲಿ ಮದವೇರಿ ನಲವತ್ತಕ್ಕೂ ಹೆಚ್ಚು ಬಿಳಿಯ ಖಡ್ಗಮೃಗಗಳನ್ನು ಕೊಂದುವು. ೧೯೯೮ರಲ್ಲಿ ಆರು ದೊಡ್ಡ ಸಲಗಗಳನ್ನು ತಂದು ಬಿಟ್ಟೊಡನೆ ಈ ಹಾವಳಿ ನಿಂತಿತು.

೪. ದಂತವಿಲ್ಲದ ಪೀಳಿಗೆ

ಕಳ್ಳಬೇಟೆಯು ಪ್ರಾಣಿಯ ದೇಹಲಕ್ಷಣವನ್ನೇ ಮಾರ್ಪಡಿಸಬಲ್ಲುದೆಂಬುದು ಮೊಜಾಂಬಿಕದ ಗೊರೊಂಗೊಸಾ ಉದ್ಯಾನದಲ್ಲಿ ಸಿದ್ಧವಾಗಿದೆ. ಆ ದೇಶದಲ್ಲಿ ೧೯೭೭ರಿಂದ ೧೯೯೨ರವರೆಗೆ ನಡೆದ ಅಂತರ್ಯುದ್ಧದಲ್ಲಿ ಎರಡು ಪಕ್ಷಗಳ ಸೈನಿಕರೂ ಮಾಂಸಕ್ಕಾಗಿ, ದಂತ ಮಾರಿ ಶಸ್ತ್ರ ಕೊಳ್ಳುವುದಕ್ಕಾಗಿ ಆನೆಗಳನ್ನು ಕೊಂದರು. ಶೇಕಡ ೯೦ಕ್ಕೂ ಹೆಚ್ಚು ಆನೆಗಳು ನಾಶವಾದುವು. ಯುದ್ಧಕ್ಕೆ ಮೊದಲು ಹೆಣ್ಣಾನೆಗಳಲ್ಲಿ ದಂತವಿಲ್ಲದವು ಶೇಕಡ ೧೮.೫ರಷ್ಟಿದ್ದುವು, ಯುದ್ಧದಲ್ಲಿ ಬದುಕುಳಿದ ಹೆಣ್ಣುಗಳಲ್ಲಿ ಅವು ಶೇಕಡ ೫೧ರಷ್ಟಾದುವು. ದಂತವಿಲ್ಲದ ಆನೆಯನ್ನು ಕೊಂದರೆ ಲಾಭ ಕಡಿಮೆ. ಆದಕಾರಣ ಅದು ಉಳಿದು ತನ್ನ ಲಕ್ಷಣವನ್ನು ಮಕ್ಕಳಿಗೆ ಕೊಟ್ಟಿತು. ಯುದ್ಧಾನಂತರ ಹುಟ್ಟಿದ ಹೆಣ್ಣುಗಳಲ್ಲಿಯೂ ಮೂರರಲ್ಲಿ ಒಂದಕ್ಕೆ ದಂತವಿಲ್ಲ.

೨೦೨೧ರಲ್ಲಿ ಪ್ರಕಟವಾದ ಸಂಶೋಧನೆಯು ಇದರ ಅನುವಂಶಿಕ ಕಾರಣವನ್ನು ವಿವರಿಸಿತು. ಈ ಲಕ್ಷಣವು ಲಿಂಗವನ್ನು ನಿರ್ಣಯಿಸುವ ಎಕ್ಸ್ ವರ್ಣತಂತುವಿನಲ್ಲಿ ಅಡಗಿದೆ. ಹೆಣ್ಣಿಗೆ ಇಂಥ ತಂತುಗಳು ಎರಡು; ಒಂದು ಕೆಟ್ಟರೂ ಮತ್ತೊಂದರ ಬಲದಿಂದ ಅದು ದಂತವಿಲ್ಲದೆಯೇ ಬದುಕುತ್ತದೆ. ಗಂಡಿಗೆ ಒಂದೇ ತಂತು. ಈ ಲಕ್ಷಣ ಬಂದ ಗಂಡುಭ್ರೂಣ ಗರ್ಭದಲ್ಲಿಯೇ ಅಳಿಯುತ್ತದೆ. ಆದ್ದರಿಂದ ದಂತವಿಲ್ಲದ ತಾಯಿಯ ಮರಿಗಳಲ್ಲಿ ಮೂರರಲ್ಲಿ ಎರಡು ಪಾಲು ಹೆಣ್ಣು. ಬಂದೂಕಿನಿಂದ ತಾಯಿಯನ್ನು ಉಳಿಸಿದ ಗುಣವೇ ಅವಳ ಗಂಡುಮಕ್ಕಳಿಗೆ ಮೃತ್ಯುವಾಯಿತೆಂಬುದು ಇದರ ತಾತ್ಪರ್ಯ. ಅಲ್ಲದೆ ದಂತವು ಆನೆಗೆ ಅಲಂಕಾರವಲ್ಲ. ಒಣಗಿದ ಹೊಳೆಯಲ್ಲಿ ನೀರಿಗಾಗಿ ತೋಡುವ ಗುದ್ದಲಿ, ತೊಗಟೆ ಸುಲಿಯುವ ಉಳಿ. ಆನೆ ತೋಡಿದ ಗುಂಡಿಯ ನೀರನ್ನು ಅನೇಕ ಬೇರೆ ಪ್ರಾಣಿಗಳೂ ಕುಡಿಯುವುವು.

ಏಷ್ಯದ ಆನೆಯಲ್ಲಿ ಹೊರಗೆ ಕಾಣುವ ದೊಡ್ಡ ದಂತವಿರುವುದು ಗಂಡಿಗೆ ಮಾತ್ರ. ಕೆಲವು ಗಂಡುಗಳಿಗೆ ಅದೂ ಇರುವುದಿಲ್ಲ, ಅವನ್ನು ಮಖ್ನಾ ಎನ್ನುವರು. ಆದುದರಿಂದ ದಕ್ಷಿಣ ಭಾರತದಲ್ಲಿ ದಂತಚೋರರ ಹಾವಳಿಯು ಬೇರೆ ರೂಪದಲ್ಲಿ ಪ್ರಕಟವಾಯಿತು. ಕೇರಳದ ಪೆರಿಯಾರ್ ಅರಣ್ಯದಲ್ಲಿ ೧೯೮೦ರ ದಶಕದ ಕೊನೆಯಲ್ಲಿ ಒಂದು ಪ್ರಾಯದ ಗಂಡಿಗೆ ನೂರಕ್ಕೂ ಹೆಚ್ಚು ಹೆಣ್ಣುಗಳಿದ್ದುವೆಂದು ವರದಿಯಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರೂ ಅವರ ಸಹೋದ್ಯೋಗಿಗಳೂ ಈ ಅಸಮತೆಯನ್ನು ಗಣಿತದ ಮೂಲಕ ಪರಿಶೀಲಿಸಿದ್ದಾರೆ.

೫. ಖಡ್ಗಮೃಗವೂ ಇತರ ಜೀವಿಗಳೂ

ಖಡ್ಗಮೃಗದ ಕೊಂಬು ಮನುಷ್ಯನ ಉಗುರಿನಲ್ಲಿರುವ ಕೆರಾಟಿನ್ ಎಂಬ ವಸ್ತುವಿನಿಂದಲೇ ಆದುದು. ಔಷಧವೆಂಬ ನಂಬಿಕೆಯಿಂದಲೂ, ಯೆಮನ್ ದೇಶದಲ್ಲಿ ಕಠಾರಿಯ ಹಿಡಿಗಾಗಿಯೂ ಅದಕ್ಕೆ ಬೇಡಿಕೆ ಬಂದಿತು. ೧೯೭೦ರ ಸುಮಾರಿಗೆ ೬೫ ಸಾವಿರದಷ್ಟಿದ್ದ ಕರಿಯ ಖಡ್ಗಮೃಗಗಳು ೧೯೯೫ರ ವೇಳೆಗೆ ಎರಡೂವರೆ ಸಾವಿರಕ್ಕಿಂತ ಕಡಿಮೆಯಾದುವು. ಅದರ ಪಶ್ಚಿಮ ಆಫ್ರಿಕದ ಉಪಜಾತಿಯು ನಿರ್ನಾಮವಾಯಿತೆಂದು ೨೦೧೧ರಲ್ಲಿ ಘೋಷಿಸಲಾಯಿತು. ಬಿಳಿಯ ಖಡ್ಗಮೃಗದ ಉತ್ತರದ ಉಪಜಾತಿಯ ಕೊನೆಯ ಗಂಡು, ‘ಸುಡಾನ್’ ಎಂಬ ಹೆಸರಿನದು, ೨೦೧೮ರ ಮಾರ್ಚಿಯಲ್ಲಿ ಕೀನ್ಯಾದಲ್ಲಿ ಮುಪ್ಪಿನಿಂದ ಸತ್ತಿತು. ಆಮೇಲೆ ಉಳಿದುವು ಅದರ ಮಗಳು ಮತ್ತು ಮೊಮ್ಮಗಳು, ಎರಡೇ ಹೆಣ್ಣುಗಳು. ದಕ್ಷಿಣ ಆಫ್ರಿಕದಲ್ಲಿ ೨೦೦೭ರಲ್ಲಿ ಕೇವಲ ೧೩ ಖಡ್ಗಮೃಗಗಳು ಕಳ್ಳಬೇಟೆಗೆ ಸಿಕ್ಕಿದ್ದರೆ ೨೦೧೪ರಲ್ಲಿ ೧,೨೧೫ ಸಿಕ್ಕಿದುವು.

ಬೆಲೆಬಾಳುವ ಕೊಂಬು ದಂತಗಳಿಲ್ಲದ ಪ್ರಾಣಿಗಳೂ ಕ್ಷೇಮವಾಗಿಲ್ಲ. ಚಿಪ್ಪುಹಂದಿಯ ವ್ಯಾಪಾರವನ್ನು ಎಲ್ಲ ರಾಷ್ಟ್ರಗಳೂ ಸೇರಿ ನಿಷೇಧಿಸಿದ ಮೇಲೆಯೂ, ೨೦೧೯ರ ಏಪ್ರಿಲ್‌ನಲ್ಲಿ ಸಿಂಗಪುರದ ಬಂದರಿನಲ್ಲಿ ಒಂದೇ ವಾರದೊಳಗೆ ಅದರ ೨೫ ಟನ್ನಿಗೂ ಹೆಚ್ಚು ಚಿಪ್ಪುಗಳು ಸಿಕ್ಕಿದುವು. ಅವು ನೈಜೀರಿಯದಿಂದ ಬಂದವು. ಮಾಂಸಕ್ಕಾಗಿ ಜಿಂಕೆಗಳಿಗೆ ಒಡ್ಡಿದ ತಂತಿಯ ಉರುಲುಗಳಲ್ಲಿ ಸಿಂಹ, ಕಾಡುನಾಯಿಗಳೂ ಸಿಕ್ಕಿ ಸಾಯುವುವು. ಸತ್ತ ಆನೆಯ ಮೇಲೆ ಸುತ್ತುವ ರಣಹದ್ದುಗಳು ಕಾವಲುಗಾರರಿಗೆ ಸುಳಿವು ಕೊಡುತ್ತವೆಂದು ಬೇಟೆಗಾರರು ಹೆಣಕ್ಕೆ ವಿಷ ಹಾಕುವುದುಂಟು. ೨೦೧೯ರ ಜೂನ್‌ನಲ್ಲಿ ಬೋಟ್ಸ್ವಾನಾದಲ್ಲಿ ಹೀಗೆ ವಿಷವಿಟ್ಟ ಮೂರು ಆನೆಗಳ ಹೆಣಗಳ ಬಳಿ ೫೩೭ ರಣಹದ್ದುಗಳು ಸತ್ತು ಬಿದ್ದಿದ್ದುವು.

ಕಾಡಿಗೂ ಈ ಪೆಟ್ಟು ತಗಲುತ್ತದೆ. ಕಾಂಗೋ ಪ್ರದೇಶದ ಆನೆಗಳು ತೊಂಬತ್ತಕ್ಕೂ ಹೆಚ್ಚು ಜಾತಿಯ ಗಿಡಮರಗಳ ಬೀಜಗಳನ್ನು ಹರಡುವುವೆಂದೂ, ಕೆಲವನ್ನು ಹಲವು ಹತ್ತು ಕಿಲೋಮೀಟರುಗಳಷ್ಟು ದೂರ ಒಯ್ಯುವುವೆಂದೂ ತಿಳಿದುಬಂದಿದೆ. ದೊಡ್ಡ ಬೀಜದ ಕೆಲವು ಮರಗಳಿಗೆ ಆನೆಯ ಹೊರತು ಬೇರೆ ವಾಹಕವಿಲ್ಲ. ಅಂಥ ಮರವು ಆನೆ ಹೋದಮೇಲೂ ನೂರಾರು ವರ್ಷ ನಿಂತಿರಬಹುದು. ಆದರೆ ಅದರ ಸಸಿಗಳು ತಾಯಿಯ ನೆರಳಿನಲ್ಲಿಯೇ ಕಮರಿಹೋಗುವುವು.

೬. ತಡೆಯುವ ಮಾರ್ಗಗಳು

ತಡೆಯುವ ಪ್ರಯತ್ನಗಳು ಮೂರು ತೆರನಾಗಿವೆ. ಮೊದಲನೆಯದು ಕೊಳ್ಳುವವರನ್ನು ತಡೆಯುವುದು. ಚೀನಾ ದೇಶವು ೨೦೧೭ರ ಕೊನೆಗೆ ತನ್ನೊಳಗಿನ ದಂತದ ಮಾರುಕಟ್ಟೆಯನ್ನು ಮುಚ್ಚಿತು. ಕಳ್ಳಬೇಟೆಯು ೨೦೧೧ರಲ್ಲಿ ತುತ್ತತುದಿಯನ್ನು ಮುಟ್ಟಿ ಅನಂತರ ಇಳಿಮುಖವಾಗಿದೆ. ಎರಡನೆಯದು ಸಾಗಣೆಯ ಜಾಡನ್ನು ಹಿಡಿಯುವುದು. ಸ್ಯಾಮ್ಯುಯೆಲ್ ವಾಸರ್ ಎಂಬ ವಿಜ್ಞಾನಿಯು ವಶಪಡಿಸಿಕೊಂಡ ದಂತಗಳಲ್ಲಿನ ಅನುವಂಶಿಕ ದ್ರವ್ಯವನ್ನು ಪರೀಕ್ಷಿಸಿ, ದೊಡ್ಡ ಸಾಗಣೆಗಳಲ್ಲಿ ಬಹುಪಾಲು ದಂತವು ಎರಡೇ ಪ್ರದೇಶಗಳಿಂದ ಬಂದುವೆಂದು ೨೦೧೫ರಲ್ಲಿ ತೋರಿಸಿಕೊಟ್ಟರು. ಮೂರನೆಯದು ಸ್ಥಳದಲ್ಲಿಯೇ ರಕ್ಷಿಸುವುದು. ಖಡ್ಗಮೃಗದ ಕೊಂಬನ್ನು ನೋವಾಗದಂತೆ ಕತ್ತರಿಸಿ ಬಿಡುವ ಕ್ರಮದಿಂದ ಕ್ರೂಗರ್ ಪ್ರದೇಶದ ಅಭಯಾರಣ್ಯಗಳಲ್ಲಿ ಕಳ್ಳಬೇಟೆಯು ಶೇಕಡ ೭೮ರಷ್ಟು ತಗ್ಗಿತೆಂದು ೨೦೨೫ರ ಅಧ್ಯಯನವೊಂದು ತಿಳಿಸುತ್ತದೆ. ನಮೀಬಿಯವು ೧೯೯೬ರ ಕಾನೂನಿನಿಂದ ಹಳ್ಳಿಯ ಸಮುದಾಯಗಳಿಗೇ ಕಾಡುಪ್ರಾಣಿಗಳ ಮೇಲ್ವಿಚಾರಣೆಯನ್ನೂ ಆದಾಯದ ಹಕ್ಕನ್ನೂ ಕೊಟ್ಟಿತು. ವಾಟಾ ಜನರಿಗೆ ಅಂದು ಆದ ಅನ್ಯಾಯಕ್ಕೆ ಇದಕ್ಕಿಂತ ಸಮಂಜಸವಾದ ಉತ್ತರವಿಲ್ಲ.

ಕಾನೂನಿನ ಸಡಿಲಿಕೆಯ ವಿಷಯದಲ್ಲಿ ಭಿನ್ನಾಭಿಪ್ರಾಯವುಂಟು. ದಕ್ಷಿಣದ ರಾಷ್ಟ್ರಗಳಿಗೆ ೧೯೯೯ ಮತ್ತು ೨೦೦೮ರಲ್ಲಿ ತಮ್ಮ ದಾಸ್ತಾನನ್ನು ಮಾರಲು ಅನುಮತಿ ದೊರೆಯಿತು. ಆ ಹಣ ಸಂರಕ್ಷಣೆಗೆ ಉಪಯೋಗವಾಯಿತೆಂದು ಅವರು ವಾದಿಸುವರು. ಸಕ್ರಮವಾದ ದಂತದ ಮರೆಯಲ್ಲಿ ಅಕ್ರಮ ದಂತವೂ ನುಸುಳಿತೆಂದು ಕೀನ್ಯಾ ಮೊದಲಾದ ರಾಷ್ಟ್ರಗಳು ಪ್ರತಿವಾದಿಸುವುವು. ೨೦೧೬ರ ಏಪ್ರಿಲ್‌ನಲ್ಲಿ ಕೀನ್ಯಾ ೧೦೫ ಟನ್ ದಂತವನ್ನು ಸುಟ್ಟುದು ಈ ವಾದದಲ್ಲಿ ತನ್ನ ನಿಲುವನ್ನು ಸಾರುವುದಕ್ಕಾಗಿಯೇ.

ಉಪಸಂಹಾರ

ಮೇಲಿನ ಸಂಗತಿಗಳಿಂದ ಸಿದ್ಧವಾಗುವುದೇನೆಂದರೆ, ಕಳ್ಳಬೇಟೆಯ ನಷ್ಟವನ್ನು ತಲೆಗಳನ್ನು ಎಣಿಸಿ ಅಳೆಯಲಾಗದು. ಕಾವಲು ಬಿಗಿಯಾದರೆ ಜಕೂಮಾದಲ್ಲಿ ಆದಂತೆ ಸಂಖ್ಯೆಯು ನಿಧಾನವಾಗಿಯಾದರೂ ಏರಬಹುದು. ಆದರೆ ಬರಗಾಲದಲ್ಲಿ ನೀರಿನ ದಾರಿ ಬಲ್ಲ ಯಜಮಾನಿಯೊಬ್ಬಳು ಸಿದ್ಧಳಾಗಲು ನಲವತ್ತು ವರ್ಷ ಬೇಕು. ಅದೂ ಅವಳಿಗೆ ಆ ದಾರಿಯನ್ನು ತೋರಿಸುವ ಮತ್ತೊಬ್ಬ ಹಿರಿಯಳು ಉಳಿದಿದ್ದರೆ ಮಾತ್ರ. ಗೊರೊಂಗೊಸಾದಲ್ಲಿ ಯುದ್ಧ ನಿಂತು ಮೂವತ್ತು ವರ್ಷಗಳಿಗೂ ಮಿಕ್ಕಿವೆ. ಅಲ್ಲಿನ ಹೆಣ್ಣಾನೆಗಳು ಅದರ ಗುರುತನ್ನು ಇನ್ನೂ ಮುಖದ ಮೇಲೆ ಹೊತ್ತು ತಿರುಗುತ್ತಿವೆ. ಮುಂಬಯಿಯಲ್ಲಿ ಬಳೆಯಾಗಿ, ಹಾಂಗ್‌ಕಾಂಗ್‌ನಲ್ಲಿ ಬೊಂಬೆಯಾಗಿ, ಯೂರೋಪಿನಲ್ಲಿ ಪಿಯಾನೋವಿನ ಮನೆಗಳಾಗಿ ದಂತವನ್ನು ಕೊಂಡವರು ಗುಂಡು ಹಾರಿಸಿದವರಲ್ಲ, ನಿಜ. ಆದರೆ ಸತ್ತ ಆನೆಗೆ ಸಾವಿರವೆಂದು ಬೆಲೆ ಕಟ್ಟಿದವರು ಅವರೇ. ಬದುಕಿರುವ ಆನೆಗೆ ಅದಕ್ಕಿಂತ ಹೆಚ್ಚಿನ ಬೆಲೆಯುಂಟೆಂದು ಕಾಡಿನ ಅಂಚಿನ ಬಡವನ ಅನುಭವಕ್ಕೆ ಬಂದ ದಿನ ಗಾದೆಯ ಪೂರ್ವಾರ್ಧವು ಮತ್ತೆ ಸಾರ್ಥಕವಾದೀತು.